ರೊಟ್ಟಿ ಹಾಕುವ ಕೈಗೇ ಮೊದಲ ಕೆಲಸ

(ವಿಜಯಪುರದ ಒಂದು ಬಡಾವಣೆಯ ಸಮುದಾಯ ಭವನದಲ್ಲಿ ಪಶುವೈದ್ಯನಾಗಿ ನಾನು ಆಡಿದ ಮಾತುಗಳ ಬರಹ ರೂಪ. ಆಡುವಾಗ ಅರ್ಧಕ್ಕರ್ಧ ನಮ್ಮ ಕಡೆಯ ಮಾತೇ ಇತ್ತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ, ಪೂರ್ತಿ ತಿದ್ದಲು ಮನಸ್ಸಾಗಲಿಲ್ಲ.)

ಇಲ್ಲಿ ಎರಡು ಬಣ ಇವೆ ಎನ್ನುವುದು ಬಂದ ಕೂಡಲೇ ಗೊತ್ತಾಯಿತು. ಈ ಕಡೆ ಓಣಿ ನಾಯಿಗಳಿಗೆ ದಿನಾ ರೊಟ್ಟಿ ಹಾಕುವವರು, ಆ ಕಡೆ ಹಾಗೆ ಹಾಕುವವರ ಮೇಲೆ ಪಾಲಿಕೆಗೆ ಅರ್ಜಿ ಕೊಟ್ಟವರು. ನಡುವೆ, ಮನೆಯಲ್ಲಿ ನಾಯಿ ಬೆಕ್ಕು ಸಾಕಿಕೊಂಡವರು ‘ಈ ಜಗಳಕ್ಕೂ ನಮಗೂ ಏನ್ರೀ ಸಂಬಂಧ’ ಎಂಬ ಮುಖ ಮಾಡಿ ಕೂತಿದ್ದಾರೆ. ಮೂವರಿಗೂ ಸೇರಿಸಿಯೇ ಹೇಳುತ್ತೇನೆ. ಕೆಲವು ಮಾತು ಈ ಕಡೆಯವರಿಗೆ ಹಿಡಿಸಲಿಕ್ಕಿಲ್ಲ, ಕೆಲವು ಆ ಕಡೆಯವರಿಗೆ.

ಸರ್ಕಾರಿ ಪಶು ಆಸ್ಪತ್ರೆ ಇದೆ. ರೇಬೀಸ್ ಲಸಿಕೆ ಇದೆ. ಸಂತಾನಹರಣ ಮಾಡಿಸುವ ಹೊಣೆಯನ್ನು ಕಾನೂನು ಪಾಲಿಕೆ, ಪುರಸಭೆ, ಪಂಚಾಯಿತಿಗಳ ತಲೆಗೆ ಕಟ್ಟಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಣಿ ದಯಾ ಸಂಘವೂ ಇದೆ. ಇಷ್ಟೆಲ್ಲ ಇದ್ದೂ ಕೆಲಸ ಆಗುವುದಿಲ್ಲ. ಯಾಕೆಂದರೆ ನಾಯಿ ಇವರ ಯಾರ ಕೈಗೂ ಸಿಗುವುದಿಲ್ಲ. ಅದು ಯಾರ ಕೈಗೆ ಸಿಗುತ್ತದೋ ಅವರನ್ನು ಯಾರೂ ಕರೆದು ಮಾತಾಡಿಸುವುದಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ.

ಲಸಿಕೆಯ ವಿಷಯವನ್ನೇ ತಗೊಳ್ಳಿ. ಶಿಬಿರಗಳಿಗೆ ನಾವು ಒಯ್ಯುವುದು ಸಾಮಾನ್ಯವಾಗಿ 10 ಡೋಸಿನ ಬಾಟಲಿ. ಒಂದು ನಾಯಿಗೆ 1 ಮಿಲಿ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಅಂದರೆ ಐಸ್ ಡಬ್ಬಿ ಹೊತ್ತುಕೊಂಡೇ ತಿರುಗಬೇಕು. ನಮ್ಮ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತಿದೆ, ಪಾರಾ 40 ದಾಟಿ ನಿಂತಿರುತ್ತದೆ. ಒಮ್ಮೆ ಬಾಟಲಿಗೆ ಸೂಜಿ ಚುಚ್ಚಿದರೆ ಅವತ್ತೇ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಈಗ ಹೇಳಿ, ನಾವು ಓಣಿಗೆ ಕಾಲಿಟ್ಟ ಕೂಡಲೇ ಒಂದು ನಾಯಿ ನಮ್ಮ ಬ್ಯಾಗು ನೋಡಿ ಬೊಗಳುತ್ತದೆ, ಉಳಿದ ಒಂಬತ್ತು ಗಟಾರ ಹಾರಿ ಮಾಯವಾಗುತ್ತವೆ. ಒಂದಕ್ಕೆ ಚುಚ್ಚಿ ಒಂಬತ್ತು ಡೋಸ್ ಚೆಲ್ಲಬೇಕೋ, ಬಾಟಲಿಯನ್ನೇ ತೆರೆಯದೆ ಹೋಗಬೇಕೋ? ಬಹಳ ಸಲ ತೆರೆಯದೆಯೇ ವಾಪಸು ಹೋಗುತ್ತೇವೆ.

ಗೋಳಗುಮ್ಮಟದ ಹಿಂದಿನ ಓಣಿಯೊಂದರಲ್ಲಿ ನೋಡಿದ್ದನ್ನು ಹೇಳುತ್ತೇನೆ. ಅಲ್ಲಿ ಒಬ್ಬ ಅಜ್ಜಿ. ಹಿಂದಿನ ದಿನದ ಕಟಿ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕಟ್ಟೆಯ ಮೇಲೆ ಕೂತಿದ್ದಳು. ಬೋಗುಣಿಯ ಸದ್ದಿಗೇ ನಾಯಿಗಳು ಬಂದವು. ಮೊದಲು ಬಂದದ್ದು ಕರಿಯ, ಒಂದು ಕಿವಿ ಹರಿದ ದೊಡ್ಡ ಗಂಡು. ಆ ಓಣಿಯವರು ಅದಕ್ಕೆ ಹೆದರಿ ರಸ್ತೆ ಬದಲಿಸುತ್ತಾರೆ. ಅಜ್ಜಿ ಎಡಗೈಯಿಂದ ಅದರ ಕತ್ತು ತಬ್ಬಿ, ಕಣ್ಣು ಮುಚ್ಚುವ ಹಾಗೆ ಸೆರಗು ಹಾಕಿ, ‘ಅಂವ ಏನೂ ಮಾಡಂಗಿಲ್ಲ, ನೀವು ಚುಚ್ಚ್ರಿ’ ಅಂದಳು. ಚುಚ್ಚಿದೆ. ಕರಿಯ ಒಮ್ಮೆ ಗುರ್ ಎಂದು ಮತ್ತೆ ಬೋಗುಣಿಗೆ ಬಾಯಿ ಹಾಕಿತು. ಬಾಟಲಿ ಖಾಲಿಯಾಗುವವರೆಗೆ ಅಜ್ಜಿ ಒಂದೊಂದನ್ನೇ ಹೆಸರು ಹಿಡಿದು ಕರೆದಳು. ‘ಇಕಿ ಮರಿ ಹಾಕ್ಯಾಳ, ಆ ಗಿರಣಿ ಹಿಂದ ಅದಾವ’, ‘ಇಂವ ನಮ್ಮಂವಲ್ಲ, ಮೊನ್ನೆ ಬಂದಾನ’ ಎಂದು ವರದಿ ಬೇರೆ. ಬಲೆ, ಕುಣಿಕೆ, ಗಾಡಿ ತಂದಿದ್ದರೂ ಈ ಕೆಲಸ ಆಗುತ್ತಿರಲಿಲ್ಲ, ಈ ಮಾಹಿತಿ ಅಂತೂ ಸಿಗುತ್ತಲೇ ಇರಲಿಲ್ಲ.

ಯಾವ ನಾಯಿ ಹೊಸದು, ಯಾವುದರ ನಡಿಗೆ ಬದಲಾಗಿದೆ, ಯಾವುದನ್ನು ಹೊರಗಿನ ನಾಯಿ ಕಚ್ಚಿತು ಎಂಬುದು ರೇಬೀಸ್ ತಡೆಯುವವರಿಗೆ ಬೇಕಾದ ಮೊದಲ ಸುದ್ದಿ. ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ಆ ಊರಿನಲ್ಲಿ ರೋಗದ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿಯಿಂದ ಹರಡುವ ರೇಬೀಸಿಗೆ 2030ರ ಹೊತ್ತಿಗೆ ಒಬ್ಬ ಮನುಷ್ಯನೂ ಸಾಯಬಾರದು ಎಂಬುದು ಜಗತ್ತು ಇಟ್ಟುಕೊಂಡ ಗುರಿ. ಆ 70 ನಾಯಿಗಳಲ್ಲಿ ಸಾಕಿದವು, ಕಟ್ಟಿದವು ಎಷ್ಟೋ ಇರಲಿ. ಉಳಿದವು ಅಜ್ಜಿಯ ಬೋಗುಣಿಯ ಸುತ್ತಲೇ ಸಿಗಬೇಕು.

ಸಂತಾನಹರಣದ ಆಪರೇಷನ್ ವಿಷಯದಲ್ಲಂತೂ ರೊಟ್ಟಿ ಹಾಕುವವರನ್ನು ಬಿಟ್ಟು ಮಾಡಲು ಹೋದರೆ ಅಪಾಯವೇ. ಅರಿವಳಿಕೆ ಕೊಡುವ ಮೊದಲು ನಾಯಿಯ ಹೊಟ್ಟೆ ಖಾಲಿ ಇರಬೇಕು. ಹಿಂದಿನ ರಾತ್ರಿಯಿಂದ ಏನೂ ತಿಂದಿರಬಾರದು. ತಿಂದಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗುತ್ತದೆ, ನಾಯಿ ಟೇಬಲ್ ಮೇಲೆಯೇ ಸಾಯಬಹುದು. ಬೆಳಿಗ್ಗೆ ಆರಕ್ಕೆ ಗಾಡಿ ಬಂದು ನಾಯಿ ಹಿಡಿಯುತ್ತದೆ. ಐದೂವರೆಗೆ ಯಾರೋ ಪುಣ್ಯಾತ್ಮರು ಹೊಟ್ಟೆತುಂಬ ಅನ್ನ ಹಾಕಿರುತ್ತಾರೆ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗಿಲ್ಲ. ಹಿಡಿದ ಮೇಲೆ ಒಂದು ದಿನ ಉಪವಾಸ ಇಟ್ಟು ಆಮೇಲೆ ಮಾಡಬಹುದು, ಮಾಡಲೂಬೇಕು. ಆದರೆ ಹಿಂದಿನ ದಿನ ಒಂದು ಫೋನು ಹೋಗಿದ್ದರೆ ಆ ನಾಯಿ ಒಂದು ದಿನ ಕಡಿಮೆ ಪಂಜರದಲ್ಲಿರುತ್ತಿತ್ತು.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಾಣಿಗಳ ಸಂತಾನ ನಿಯಂತ್ರಣಕ್ಕೆ ಹೊಸ ನಿಯಮ ತಂದಿತು. ಅದಕ್ಕೆ ಮೊದಲು 2001ರ ನಿಯಮವಿತ್ತು. ಆರು ತಿಂಗಳೊಳಗಿನ ಮರಿಗೆ ಆಪರೇಷನ್ ಮಾಡುವಂತಿಲ್ಲ, ಮೊಲೆಯುಣ್ಣುವ ಮರಿಗಳಿರುವ ತಾಯಿಯನ್ನು ಹಿಡಿಯುವಂತಿಲ್ಲ, ಆಪರೇಷನ್ ಆದ ಮೇಲೆ ಕನಿಷ್ಠ ನಾಲ್ಕು ದಿನ ಇಟ್ಟು ನೋಡಬೇಕು, ಗುರುತಿಗೆ ಕಿವಿಯ ತುದಿ ಕತ್ತರಿಸಬೇಕು, ಹಿಡಿದ ಜಾಗಕ್ಕೇ ವಾಪಸು ಬಿಡಬೇಕು ಎಂದೆಲ್ಲ ಅದರಲ್ಲಿದೆ. ಅದರಲ್ಲೇ ಇನ್ನೊಂದು ಸಾಲೂ ಇದೆ, ಯಾರೂ ಓದುವುದಿಲ್ಲ: ಆಹಾರ ಹಾಕುವವರು ಲಸಿಕೆಗೆ, ನಾಯಿ ಹಿಡಿಯಲು, ಬಿಡಲು ಸ್ವಯಂಸೇವಕರಾಗಿ ಬರಬಹುದು. ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾನೂನಿನ ಒಪ್ಪಿಗೆ ಮೊದಲೇ ಸಿಕ್ಕಿಬಿಟ್ಟಿದೆ. ಆ ಅಜ್ಜಿಗೆ ಒಂದು ಗುರುತಿನ ಚೀಟಿ ಕೊಟ್ಟು, ಗಾಡಿಯ ಚಾಲಕನ ನಂಬರ್ ಕೊಟ್ಟರೆ ಸಾಕು.

‘ಅಲ್ರೀ ಡಾಕ್ಟ್ರೇ, ಹಿಡಿದ ಮೇಲೆ ಮತ್ತೆ ಇಲ್ಲೇ ಯಾಕೆ ತಂದು ಬಿಡ್ತೀರಿ’ ಎಂಬುದು ಆ ಕಡೆ ಕೂತವರ ಪ್ರಶ್ನೆ, ಮುಖದಲ್ಲೇ ಕಾಣುತ್ತಿದೆ. ನಾಯಿ ತನ್ನ ಗಡಿ ಕಾಯುವ ಪ್ರಾಣಿ. ಸಂತೆಯಲ್ಲಿ ಒಂದು ಒಳ್ಳೆಯ ಜಾಗ ಖಾಲಿಯಾದರೆ ಮರುವಾರವೇ ಬೇರೆಯವನು ಬಂದು ತಟ್ಟು ಹಾಸುವ ಹಾಗೆ, ಇಲ್ಲಿನ ಎಂಟು ನಾಯಿ ಎತ್ತಿದರೆ ಪಕ್ಕದ ಓಣಿಯ, ಊರಾಚೆಯ ನಾಯಿಗಳು ಬಂದು ಸೇರುತ್ತವೆ. ಬಂದವಕ್ಕೆ ಲಸಿಕೆ ಆಗಿರುವುದಿಲ್ಲ, ಆಪರೇಷನ್ ಆಗಿರುವುದಿಲ್ಲ, ನಿಮ್ಮ ಮಕ್ಕಳ ಪರಿಚಯವೂ ಇರುವುದಿಲ್ಲ. ನಾಯಿಯ ಗರ್ಭ ಸುಮಾರು 63 ದಿನದ್ದು, ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಬೆದೆಗೆ ಬರುತ್ತದೆ. ಲೆಕ್ಕ ನೀವೇ ಹಾಕಿ. ಆಪರೇಷನ್ ಆದ, ಲಸಿಕೆ ಬಿದ್ದ, ವಯಸ್ಸಾದ ನಾಯಿಗಳು ಓಣಿ ಕಾಯ್ದುಕೊಂಡು ಇದ್ದರೆ ಹೊಸದಕ್ಕೆ ಒಳಗೆ ಬರಲು ಬಿಡುವುದಿಲ್ಲ.

ಕೆಲವು ಪಟ್ಟಣಗಳಲ್ಲಿ ರಾತ್ರಿ ನಾಯಿ ತುಂಬಿಕೊಂಡು ಹೋಗಿ ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಯ ಹೊಲದ ಹತ್ತಿರ ಇಳಿಸಿ ಬರುತ್ತಾರೆ. ಆ ಹಳ್ಳಿಯವರು ತಮ್ಮ ನಾಯಿಗಳನ್ನು ತುಂಬಿಕೊಂಡು ಇನ್ನೊಂದು ಕಡೆ ಇಳಿಸುತ್ತಾರೆ. ಕುರಿ ಕಾಯುವವರನ್ನು ಕೇಳಿ ನೋಡಿ. ಗೊತ್ತಿಲ್ಲದ ಊರಲ್ಲಿ ಹಸಿದು ಇಳಿದ ನಾಯಿಗಳು ಹಿಂಡು ಕಟ್ಟಿ ಮೊದಲು ಬೀಳುವುದು ಹಟ್ಟಿಯ ಮರಿಗಳ ಮೇಲೆ.

ಈಗ ಈ ಕಡೆಯವರಿಗೆ ಕಹಿ ಮಾತು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಲಸಿಕೆ ಮತ್ತು ಆಪರೇಷನ್ ಆದ ನಾಯಿಯನ್ನು ಅದೇ ಜಾಗಕ್ಕೆ ಬಿಡಿ, ರೇಬೀಸ್ ಇರುವುದನ್ನು ಮತ್ತು ಮೈಮೇಲೆ ಬೀಳುವ ಸ್ವಭಾವದ್ದನ್ನು ಬಿಡಬೇಡಿ ಎಂದಿತು. ಜೊತೆಗೇ, ಬೀದಿಯಲ್ಲಿ ಎಲ್ಲೆಂದರಲ್ಲಿ ಆಹಾರ ಹಾಕಬೇಡಿ, ವಾರ್ಡಿಗೆ ಜಾಗ ಗೊತ್ತುಮಾಡಿ ಎಂದೂ ಹೇಳಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ-ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಕ್ರೀಡಾಂಗಣಗಳ ಆವರಣದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಹಿಡಿದ ಜಾಗಕ್ಕೇ ಮತ್ತೆ ಬಿಡಬಾರದು ಎಂದಿತು. ಈ ಎರಡನೆಯದರ ಬಗ್ಗೆ ನನಗೆ ವೃತ್ತಿಯವನಾಗಿ ತಕರಾರಿದೆ. ಅಷ್ಟು ನಾಯಿಗಳನ್ನು ಇಡುವ ಶೆಡ್ಡು, ಅವಕ್ಕೆ ಅನ್ನ, ಒಂದಕ್ಕೆ ಡಿಸ್ಟೆಂಪರ್ ಎಂಬ ಅಂಟುರೋಗ ಬಂದರೆ ಎಲ್ಲಕ್ಕೂ ಹರಡದ ವ್ಯವಸ್ಥೆ ಎಲ್ಲಿಂದ ತರುವುದು? ಅದೇನೇ ಇರಲಿ, ಶಾಲೆಯ ಗೇಟಿನಲ್ಲಿ ಬಿಸ್ಕತ್ತು ಚೆಲ್ಲುವವರು ಆ ನಾಯಿಗೆ ಉಪಕಾರ ಮಾಡುತ್ತಿಲ್ಲ. ಶಾಲೆ ಬಿಡುವ ಹೊತ್ತಿಗೆ ಅಲ್ಲಿ ನಾಯಿ ಸೇರುತ್ತದೆ, ಒಂದು ಮಗುವಿನ ಕೈಯಲ್ಲಿ ತಿಂಡಿ ಇರುತ್ತದೆ, ಅಷ್ಟೇ. ಹೊತ್ತು ಗೊತ್ತುಮಾಡಿಕೊಳ್ಳಿ, ಜನ ಓಡಾಡದ ಮೂಲೆ ನೋಡಿಕೊಳ್ಳಿ, ತಿಂದ ಮೇಲೆ ಜಾಗ ಬಳಿಯಿರಿ. ನಾಯಿ ನಾಲ್ಕು ದಿನದಲ್ಲಿ ಆ ಹೊತ್ತಿಗೆ ಅಲ್ಲಿಗೇ ಬರುವುದನ್ನು ಕಲಿಯುತ್ತದೆ. ನಮಗೂ ಹಿಡಿಯಲು ಸುಲಭ.

ಹಾಗಂತ ನಾಯಿ ಹೆಚ್ಚಾಗಲು ರೊಟ್ಟಿಯ ಅಜ್ಜಿಯೇ ಕಾರಣ ಅನ್ನುವವರು ಒಮ್ಮೆ ಕೋಳಿ ಅಂಗಡಿಗಳ ಹಿಂದೆ, ಕಲ್ಯಾಣ ಮಂಟಪಗಳ ಹಿಂದೆ ಸಂಜೆ ಹೋಗಿ ನಿಂತು ಬನ್ನಿ. ಕರುಳು, ಪುಕ್ಕ, ಎಂಜಲೆಲೆ ಟ್ರಾಲಿಗಟ್ಟಲೆ ಬೀಳುತ್ತದೆ. ಊರ ಹೊರಗೆ ಮೂವತ್ತು-ನಲವತ್ತರ ಹಿಂಡು ಕಟ್ಟುವುದು ಆ ಅನ್ನದಿಂದ. ಹಸಿ ಮಾಂಸದ ಚೂರಿಗೆ ಪರಸ್ಪರ ಕಚ್ಚಾಡಿ ಕಲಿತ ಹಿಂಡು ಬೇರೆ, ಕಟ್ಟೆಯ ಮುಂದೆ ಸರದಿ ಕಾಯುವ ಕರಿಯ ಬೇರೆ. ಅರ್ಜಿ ಬರೆಯುವ ಉತ್ಸಾಹ ಇದ್ದವರು ಮೊದಲ ಅರ್ಜಿ ಆ ಕಸದ ಬಗ್ಗೆ ಬರೆಯಬೇಕು.

ಕಚ್ಚಿದರೆ ಏನು ಮಾಡಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನೆಗೆ ಹೋಗಿ ಮಕ್ಕಳಿಗೂ ಹೇಳಿ. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಇವತ್ತಿಗೂ ಇಲ್ಲ. ಲೂಯಿ ಪಾಶ್ಚರ್ 1885ರಲ್ಲಿ ಒಬ್ಬ ಹುಡುಗನಿಗೆ ಮೊದಲ ಲಸಿಕೆ ಕೊಟ್ಟಾಗಿನಿಂದ ಇಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಅದೊಂದೇ ದಾರಿ: ವೈರಾಣು ಮೆದುಳಿಗೆ ಮುಟ್ಟುವ ಮೊದಲು ಲಸಿಕೆ ಮುಂದೆ ಹೋಗಬೇಕು. ಕಚ್ಚಿದ ಕೂಡಲೇ ನಲ್ಲಿಯ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಎಷ್ಟು ದೀರ್ಘ ಅಂತ ಗಡಿಯಾರ ಇಟ್ಟು ತೊಳೆದಾಗಲೇ ಗೊತ್ತಾಗುವುದು. ಹೆಚ್ಚಿನವರು ಒಂದೇ ನಿಮಿಷಕ್ಕೆ ಟವೆಲ್ ಹುಡುಕುತ್ತಾರೆ. ಸುಣ್ಣ, ಖಾರದ ಪುಡಿ, ಅರಿಶಿಣ, ಎಣ್ಣೆ ಏನೂ ಹಚ್ಚಬೇಡಿ. ಹೊಲಿಗೆ ಹಾಕಿಸಲು ಅವಸರ ಮಾಡಬೇಡಿ. ಎಲೆ ಕಟ್ಟುವವರ ಊರು ಹುಡುಕಿಕೊಂಡು ಹೋಗಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯನ್ನು ತೋಳಿನ ಸ್ನಾಯುವಿಗೆ ಕೊಡುವುದಾದರೆ 0 (ಅಂದರೆ ಮೊದಲ ಸೂಜಿಯ ದಿನ), 3, 7, 14, 28ನೇ ದಿನ, ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಸೂಜಿ ಕೂಡ ಬೇಕು, ನೀವೇ ಬಾಯಿಬಿಟ್ಟು ಕೇಳಿ. ಮೂರನೆಯ ಸೂಜಿಯ ಹೊತ್ತಿಗೆ ಗಾಯ ಮಾಯ್ದಿರುತ್ತದೆ, ಕೂಲಿ ತಪ್ಪುತ್ತದೆಂದು ಬಿಟ್ಟುಬಿಡುತ್ತಾರೆ. ಬಿಡಬಾರದು.

ಕಚ್ಚಿದ ನಾಯಿಯನ್ನು ಬಡಿದು ಸಾಯಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದನ್ನು ಸಾಯಿಸಿದರೆ ಒಂದು ದೊಡ್ಡ ಮಾಹಿತಿ ಸತ್ತಂತೆ. ಕಚ್ಚಿದ ದಿನದಿಂದ 10 ದಿನ ಆ ನಾಯಿ ಆರೋಗ್ಯವಾಗಿ ತಿಂದುಂಡು ಬದುಕಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ಅರ್ಥ. ಚಿಕಿತ್ಸೆ ಶುರು ಮಾಡಲು ಆ ಹತ್ತು ದಿನ ಕಾಯಬಾರದು, ಆದರೆ ಮುಂದೇನು ಎಂದು ತೀರ್ಮಾನಿಸಲು ವೈದ್ಯರಿಗೆ ಅದು ಬೇಕು. ನಾಯಿಯ ಮೇಲೆ ಹತ್ತು ದಿನ ಯಾರು ಕಣ್ಣಿಡುತ್ತಾರೆ? ಮತ್ತೆ ಅದೇ ರೊಟ್ಟಿ ಹಾಕುವವರು.

ಗಾಯದ ಬಗ್ಗೆ ಒಂದೆರಡು ಮಾತು. ಮಳೆಗಾಲದಲ್ಲಿ ನಮ್ಮಲ್ಲಿಗೆ ಬರುವ ಓಣಿ ನಾಯಿಗಳಲ್ಲಿ ಬಹಳಷ್ಟರದು ಹುಳ ಬಿದ್ದ ಗಾಯ. ಸಣ್ಣ ಗಾಯದ ಮೇಲೆ ನೊಣ ಮೊಟ್ಟೆ ಇಡುತ್ತದೆ, ದಿನ ಕಳೆಯುವಷ್ಟರಲ್ಲಿ ಮರಿಹುಳ, ನಾಲ್ಕನೇ ದಿನಕ್ಕೆ ಕಿವಿಯ ಹಿಂದೆ ಬೆರಳು ಹೋಗುವಷ್ಟು ತೂತು. ನೋಡಲಾರದೆ ಜನ ಫಿನಾಯಿಲ್, ಪೆಟ್ರೋಲು, ಸೀಮೆಎಣ್ಣೆ ಸುರಿಯುತ್ತಾರೆ. ಹುಳ ಮೇಲೆ ಬರುತ್ತವೆ, ನಿಜ. ಆದರೆ ಮಾಂಸ ಸುಡುತ್ತದೆ, ನಾಯಿ ಅದನ್ನೇ ನೆಕ್ಕುತ್ತದೆ. ಬೆಕ್ಕಿಗಂತೂ ಫಿನಾಯಿಲ್ ನೇರ ವಿಷ. ಹುಳಕ್ಕೆಂದೇ ಪಶು ಔಷಧಿ ಅಂಗಡಿಯಲ್ಲಿ ಸ್ಪ್ರೇ ಸಿಗುತ್ತದೆ. ಕೂದಲು ಕತ್ತರಿಸಿ, ಸ್ಪ್ರೇ ಹೊಡೆದು, ಚಿಮುಟದಲ್ಲಿ ಒಂದೊಂದಾಗಿ ತೆಗೆಯಬೇಕು, ಮರುದಿನ ಮತ್ತೆ ನೋಡಬೇಕು. ಒಂದು ಹುಳ ಒಳಗೆ ಉಳಿದರೂ ತೂತು ಮುಚ್ಚುವುದಿಲ್ಲ. ಇನ್ನೊಂದು, ಜ್ವರ ಬಂದಿದೆ ಎಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಗುಳಿಗೆಗೂ ಬೆಕ್ಕು ಸಾಯುತ್ತದೆ. ಅದನ್ನು ಅರಗಿಸುವ ಶಕ್ತಿ ಅದರ ಯಕೃತ್ತಿಗೆ, ಅಂದರೆ ಲಿವರ್‌ಗೆ ಇಲ್ಲ.

1962 ನಂಬರ್ ನಿಮ್ಮೆಲ್ಲರ ಫೋನಿನಲ್ಲಿ ಇರಲಿ. ಸಂಚಾರಿ ಪಶು ಚಿಕಿತ್ಸಾಲಯದ ಉಚಿತ ಕರೆ ಅದು. ಮುಖ್ಯವಾಗಿ ರೈತರ ದನಕರುಗಳಿಗಾಗಿ ಬಂದ ಸೇವೆ, ಹಾಗಾಗಿ ಓಣಿ ನಾಯಿಗೆ ತಕ್ಷಣ ಗಾಡಿ ಬರುತ್ತದೆಂದು ಕಾಯುತ್ತ ಕೂರಬೇಡಿ. ಕರೆ ಮಾಡಿದಾಗ ಯಾವ ಪ್ರಾಣಿ, ನಡೆಯುತ್ತದೆಯೋ ಇಲ್ಲವೋ, ಗೋಣಿಚೀಲದಲ್ಲಿ ಎತ್ತಿ ತರಬಹುದೋ ಎಂಬುದನ್ನು ಹೇಳಿ. ಹತ್ತಿರದ ಆಸ್ಪತ್ರೆಗೆ ಆಟೋದಲ್ಲಿ ತಂದರೇ ಬೇಗ. ನಮ್ಮ ಊರಿನ ಆಟೋದವರು, ಟಾಂಗಾದವರು ಇದಕ್ಕೆ ಇಲ್ಲ ಅಂದದ್ದನ್ನು ನಾನು ಕಂಡದ್ದು ಕಡಿಮೆ.

ಈಗ ನಡುವೆ ಕೂತವರು, ಸಾಕಿದವರು. ಬೀದಿಗೆ ನಾಯಿ ಬರುವ ದಾರಿಗಳಲ್ಲಿ ನಿಮ್ಮ ಗೇಟೂ ಒಂದು. ಸಾಕಿದ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ನಗಬೇಡಿ, ದಶಕಗಳ ಹಿಂದೆ ಬರೆದದ್ದು ಹಾಗೇ ಉಳಿದಿದೆ. ಹೀಗಾಗಿ ದಂಡಕ್ಕೆ ಹೆದರಿ ಯಾರೂ ಸಾಕುವುದಿಲ್ಲ. ಬಿಡುವವರೆಲ್ಲ ಕಟುಕರೂ ಅಲ್ಲ. ಬಾಡಿಗೆ ಮನೆ ಬದಲಾಗುತ್ತದೆ, ವರ್ಗಾವಣೆ ಆಗುತ್ತದೆ, ಮರಿಗೆ ಕಾಯಿಲೆ ಬಂದು ಖಾಸಗಿ ಚಿಕಿತ್ಸೆಯ ಬಿಲ್ಲು ಕೈ ಮೀರುತ್ತದೆ.

ಆ ಬಿಲ್ಲಿನಲ್ಲಿ ದೊಡ್ಡ ಪಾಲು ಪಾರ್ವೊ ಎಂಬ ರೋಗದ್ದು. ವಾಂತಿ, ರಕ್ತ ಬೇಧಿ, ಎರಡು ದಿನದಲ್ಲಿ ಮರಿ ಚಪ್ಪಟೆ. ದಿನಗಟ್ಟಲೆ ಸಲೈನ್ ಹಚ್ಚಬೇಕು. ಲಸಿಕೆಯನ್ನು ಆರರಿಂದ ಎಂಟು ವಾರದೊಳಗೆ ಶುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ಹಾಕಿಸಿದ್ದರೆ ಆ ಖರ್ಚಿನ ಒಂದು ಮೂಲೆಯೂ ಆಗುತ್ತಿರಲಿಲ್ಲ. ಮರಿ ಸತ್ತರೆ ಮಕ್ಕಳು ಅಳುತ್ತವೆಂದು ಮರುವಾರವೇ ಇನ್ನೊಂದು ತರುತ್ತಾರೆ, ಅದೂ ಸಾಯುತ್ತದೆ. ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ನೀರಿಗೆ ಸಾಯುತ್ತದೆ. ರೇಬೀಸ್ ಸೂಜಿ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಮನೆಯ ನಾಯಿಗಳವರು ಒಂದೇ ಬೆಳಿಗ್ಗೆ ಕಟ್ಟೆಯ ಹತ್ತಿರ ಬಂದರೆ ಆ 10 ಡೋಸಿನ ಬಾಟಲಿ ನಿಮ್ಮ ನಾಲ್ಕು, ಓಣಿಯ ಆರು ಸೇರಿ ಮುಗಿಯುತ್ತದೆ. ನಿಮಗೂ ಅವಕ್ಕೂ ಏನು ಸಂಬಂಧ ಅಂದಿರಲ್ಲ, ಒಂದೇ ಬಾಟಲಿಯ ಸಂಬಂಧ.

ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಸಾಕುವ ಹುಚ್ಚು ಈಗ ಎಲ್ಲ ಕಡೆ ಹತ್ತಿದೆ. ಅದಕ್ಕೆ ಹೆಮ್ಮೆಪಡಲು ಕಾರಣವಿದೆ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿದವರು. ಬ್ರಿಟನ್ ದೊರೆ ಐದನೇ ಜಾರ್ಜನಿಗೆ ಒಂದು ಜೋಡಿ ಕಾಣಿಕೆ ಹೋಗಿತ್ತು. 2005ರಲ್ಲಿ ಅಂಚೆ ಚೀಟಿ ಬಂತು, 2016ರಲ್ಲಿ ಸೇನೆಯವರು ತರಬೇತಿಗೆ ಮೀರತ್‌ಗೆ ಒಯ್ದರು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಆದರೆ ಅದು ಮೊಲದ ಹಿಂದೆ ಬಯಲಲ್ಲಿ ಓಡಲು ಹುಟ್ಟಿದ ಪ್ರಾಣಿ. ಎರಡು ಖೋಲಿಯ ಮನೆಯಲ್ಲಿ ಸರಪಳಿ ಹಾಕಿ ಕಟ್ಟಿದರೆ ಒಂದೋ ಬಾಗಿಲು ಕೆರೆಯುತ್ತದೆ, ಇಲ್ಲವೇ ಕಣ್ಣಿಗೆ ಬಿದ್ದದ್ದರ ಮೇಲೆ ಹಾರುತ್ತದೆ. ಅದು ತಳಿಯಿಂದಲೇ ತೆಳ್ಳಗೆ. ಪಕ್ಕೆಲುಬು ಕಾಣುತ್ತದೆಂದು ತುಪ್ಪ ತಿನ್ನಿಸಿ ಕೆಡಿಸಿದವರನ್ನೂ ನೋಡಿದ್ದೇನೆ. ಬೆಳಿಗ್ಗೆ ಓಡಿಸಲು ನಿಮಗೆ ಜಾಗ, ಪುರುಸೊತ್ತು ಎರಡೂ ಇಲ್ಲದಿದ್ದರೆ ಓಣಿಯ ಒಂದು ಮರಿಯನ್ನು ಎತ್ತಿಕೊಳ್ಳಿ. ನಮ್ಮ ಬಿಸಿಲಿಗೆ, ನಮ್ಮ ರೊಟ್ಟಿಗೆ ಒಗ್ಗಿಕೊಂಡೇ ಹುಟ್ಟಿರುತ್ತದೆ. ವಿಜಯಪುರದಲ್ಲಿ ಹಿಮದ ನಾಡಿನ ಹಸ್ಕಿ ನಾಯಿ ಸಾಕುವವರ ಬಗ್ಗೆ ಮಾತಾಡುವುದಿಲ್ಲ, ಸಿಟ್ಟು ಬರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಗೋವಾಕ್ಕೆ, ಪುಣೆಗೆ ಗುಳೆ ಹೋಗುವವರ ನಾಯಿಗಳದು ಬೇರೆಯೇ ಕಥೆ. ಅವರು ನಾಯಿಯನ್ನು ಬಿಟ್ಟುಬಿಟ್ಟವರಲ್ಲ. ಯುಗಾದಿಗೋ ಮುಂಗಾರಿಗೋ ವಾಪಸು ಬರುತ್ತಾರೆ. ಬಂದಾಗ ನಾಯಿ ಇದ್ದರೆ ಇತ್ತು. ಆ ತಿಂಗಳುಗಳಲ್ಲಿ ತಾಂಡಾದಲ್ಲಿ ಉಳಿದ ಒಂದಿಬ್ಬರು ಮುದುಕರಿಗೆ ಜೋಳದ ಹಿಟ್ಟಿನ ಒಂದು ಚೀಲ ಒದಗಿಸಿದರೆ ಹತ್ತಿಪ್ಪತ್ತು ನಾಯಿ ಕೋಳಿಗೂಡಿಗೆ ನುಗ್ಗದೆ ಬದುಕುತ್ತವೆ. ದಾನ ಕೊಡುವವರು ಫೋಟೋ ಬರುವ ಜಾಗಕ್ಕೇ ಹೋಗುತ್ತಾರೆ, ಇಲ್ಲಿಗೆ ಬರುವುದಿಲ್ಲ.

2019ರ ಆಗಸ್ಟ್‌ನ ಪ್ರವಾಹ ಬೆಳಗಾವಿ-ಬಾಗಲಕೋಟೆಯವರಿಗೆ ನೆನಪಿದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಜನರಿಗೆ ಪರಿಹಾರ ಕೇಂದ್ರ, ದನಗಳಿಗೆ ಮೇವು. ನಾಯಿ ಬೆಕ್ಕುಗಳಿಗೆ ಪಟ್ಟಿಯಲ್ಲೇ ಜಾಗ ಇರುವುದಿಲ್ಲ. ‘ನಾಯಿ ಬಿಟ್ಟು ಬರಂಗಿಲ್ಲ’ ಎಂದು ಮನೆ ಬಿಡಲು ಒಪ್ಪದ ಮುದುಕರು ಪ್ರತಿ ಪ್ರವಾಹದಲ್ಲೂ ಇರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಪರಿಹಾರ ಕೇಂದ್ರ ಮಾಡುವ ಶಾಲೆಯ ಹಿಂಭಾಗದಲ್ಲಿ ಒಂದು ತಗಡಿನ ಶೆಡ್ಡು, ನಾಲ್ಕು ಗೂಟ ಮೊದಲೇ ಇದ್ದರೆ ಅಜ್ಜನೂ ದೋಣಿ ಹತ್ತುತ್ತಾನೆ. ಮತ್ತೆ, ಹೊಳೆ ದಂಡೆಯವರು ಹೊರಡುವಾಗ ದಾವಣಿ ಹಗ್ಗ ಬಿಚ್ಚಿಯೇ ಹೊರಡಬೇಕು. ಕಟ್ಟಿದ ದನ, ಕಟ್ಟಿದ ನಾಯಿ ಈಜಲಾರವು.

ದನ ಕುದುರೆಗಳ ಬಗ್ಗೆ ಇವತ್ತು ಹೆಚ್ಚು ಹೇಳುವುದಿಲ್ಲ. ಗೋಶಾಲೆಯ ಒಂದು ಹಸುವಿಗೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆಯಲು 2022ರಲ್ಲಿ ರಾಜ್ಯ ಸರ್ಕಾರ ಪುಣ್ಯಕೋಟಿ ಯೋಜನೆ ಮಾಡಿತು. ಅಷ್ಟು ಆಗದವರು ಉಳಿದ ಅಡುಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯುವುದನ್ನು ಬಿಟ್ಟರೂ ಸಾಕು. ಮಾರುಕಟ್ಟೆಯ ದನಗಳ ಹೊಟ್ಟೆ ಕೊಯ್ದಾಗ ನಾವು ತೆಗೆಯುವುದು ಅದನ್ನೇ, ಬಕೆಟ್‌ಗಟ್ಟಲೆ. ಬೇಸಿಗೆಗೆ ಮನೆ ಮುಂದೆ ಕಲ್ಲಿನ ಬಾನಿಯಲ್ಲಿ ನೀರಿಡುವವರು ವಾರಕ್ಕೆ ಒಮ್ಮೆಯಾದರೂ ಚೆಲ್ಲಿ, ತಿಕ್ಕಿ ತೊಳೆದು ತುಂಬಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ-ಹತ್ತು ದಿನ ಸಾಕು. ಓಣಿಯವರು ಆ ಬಾನಿಯನ್ನೇ ಒಡೆದು ಹಾಕಲು ಅದು ನೆಪವಾಗುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಬರೆದಿಡುತ್ತೇನೆ.

ಒಬ್ಬ ತಾಯಿ ಕೇಳಿದರು: ‘ನಾನು ರೊಟ್ಟಿ ಹಾಕ್ತೀನಿ, ಪಕ್ಕದ ಮನೆಯವರು ಜಗಳ ತೆಗೀತಾರ. ಯಾರ ಹತ್ರ ಹೋಗ್ಲಿ?’ 2023ರ ನಿಯಮದಲ್ಲೇ ಇಂಥ ಜಗಳಕ್ಕೆ ಸಮಿತಿ ಇದೆ. ಪಶುವೈದ್ಯಾಧಿಕಾರಿ, ಪೊಲೀಸ್, ಪ್ರಾಣಿ ದಯಾ ಸಂಘ, ದೂರು ಕೊಟ್ಟವರು ಎಲ್ಲ ಕೂತು ಜಾಗ ಗೊತ್ತುಮಾಡಬೇಕು. ಆದರೆ ಸಮಿತಿಗೆ ಹೋಗುವ ಮೊದಲು ಪಕ್ಕದ ಮನೆಯವರನ್ನು ಒಮ್ಮೆ ಕೇಳಿ, ಅವರ ತಕರಾರು ನಾಯಿಯದೋ, ಬಾಗಿಲ ಮುಂದಿನ ಎಂಜಲಿನದೋ. ಬಹಳ ಸಲ ಎಂಜಲಿನದೇ.

ಇನ್ನೊಬ್ಬರು, ಆ ಕಡೆ ಕೂತಿದ್ದವರೇ, ಎದ್ದು ನಿಂತು, ‘ಇಷ್ಟು ದೊಡ್ಡ ಊರಿಗೆ ನಿಮ್ಮ ಅಜ್ಜಿಯರು ಎಷ್ಟು ಮಂದಿ ಸಿಗ್ತಾರ?’ ಅಂದರು. ಒಳ್ಳೆಯ ಪ್ರಶ್ನೆ. ಹುಡುಕಿ ಎಣಿಸಿದವರು ಯಾರೂ ಇಲ್ಲ. ಪೌರಕಾರ್ಮಿಕರನ್ನು ಕೇಳಿದರೆ ಹೇಳುತ್ತಾರೆ. ಬೆಳಗಿನ ಜಾವ ಓಣಿ ಗುಡಿಸುವವರಿಗೆ ಯಾರ ಬಾಗಿಲಲ್ಲಿ ಯಾವ ನಾಯಿ ಮಲಗಿರುತ್ತದೆ ಎಂದು ಗೊತ್ತು. ವಾರ್ಡಿಗೆ ಒಂದು ವಹಿ ಇಟ್ಟು ನಾಯಿಯ ಬಣ್ಣ, ಕಿವಿ ಕತ್ತರಿಸಿದೆಯೋ ಇಲ್ಲವೋ, ಸೂಜಿ ಹಾಕಿದ ತಾರೀಕು, ಕರೆದರೆ ಯಾರ ಹತ್ತಿರ ಬರುತ್ತದೆ ಎಂಬುದನ್ನು ಬರೆಯಿರಿ. ಬರೆಯಲು ನೀವೇ ಬನ್ನಿ ಅಂದೆ. ಅವರು ಕೂತರು. ಹೊರಗೆ ಹೋಗುವಾಗ ನಂಬರ್ ಕೊಟ್ಟು ಹೋದರು.

ಕೊನೆಗೆ ಒಬ್ಬ ವಿದ್ಯಾರ್ಥಿ. ಬಾಡಿಗೆ ರೂಮಿನ ಮುಂದೆ ಒಂದು ಕಂದು ನಾಯಿ ಇದೆಯಂತೆ, ಹುಡುಗರೆಲ್ಲ ಸೇರಿ ಅನ್ನ ಹಾಕುತ್ತಾರಂತೆ. ‘ಲಸಿಕೆ ಕಾರ್ಡು ಯಾರ ಹೆಸರಿಗೆ ಮಾಡಿಸೋದು ಸರ್?’ ನಿನ್ನ ಹೆಸರಿಗೇ ಮಾಡಿಸು ಅಂದೆ. ‘ಮೇ ತಿಂಗಳಿಗೆ ರೂಮ್ ಖಾಲಿ ಮಾಡ್ತೀನಲ್ಲ?’ ಹಾಗಾದರೆ ಏಪ್ರಿಲ್‌ನಲ್ಲೇ ಆ ರೂಮಿಗೆ ಬರುವ ಹುಡುಗನನ್ನೋ, ಮನೆ ಮಾಲೀಕರ ಮಗಳನ್ನೋ ಹಿಡಿ. ಒಂದು ವಾರ ಅವರ ಕೈಯಿಂದಲೇ ಅನ್ನ ಹಾಕಿಸು, ಆಮೇಲೆ ಕಾರ್ಡು ಕೊಡು.